ಚರ್ಮ ಸೋಕದ ಕಾರು

ಜಯನಗರದ ವಾಸುದೇವಮೂರ್ತಿಗಳ ಅಂಗಳದಲ್ಲಿ ಮರದ ಪಕ್ಕೆಲುಬುಗಳು ಎದ್ದಾಗ, ಎದುರುಮನೆಯಲ್ಲಿ ಬಾಡಿಗೆಗಿದ್ದ ಗುಮಾಸ್ತ ಶೇಷಗಿರಿ ಅದನ್ನು ದೋಣಿಯೆಂದೇ ನಂಬಿ, "ಬೇಗೂರು ಕೆರೆಗಾ, ಸಾರ್?" ಎಂದು ಕೇಳಿ ತನ್ನ ಬಿ.ಎ. ಪದವಿಯ ಮಾನ ಕಳೆದಿದ್ದ.

ಅದು ಕಾರು. ಡ್ರಾಯಿಂಗ್ ಮೇಷ್ಟ್ರಾಗಿದ್ದ ಮೂರ್ತಿಗಳ ತಾಯಿ ತುಂಗಮ್ಮನವರಿಗೆ ಸಾಯುವುದರೊಳಗೆ ಬೇಗೂರಿನ ನಾಗೇಶ್ವರನನ್ನು ನೋಡುವ ಆಸೆ. ಆದರೆ ಚರ್ಮದ ಸೀಟಿನ ಮೇಲೆ ಕೂತರೆ ಮಡಿ ಕೆಡುತ್ತದಲ್ಲ! ಅದಕ್ಕೇ ಮಗ ಹಳೆಯ ಕಾರೊಂದರ ಮೈಯನ್ನೆಲ್ಲ ಕಿತ್ತುಹಾಕಿ, ಎರಡು ವರ್ಷ ಹೆಣಗಿ ಹಲಸಿನ ಮರದ ಹೊಸ ಮೈ ಕಟ್ಟಿದರು. ಹಿಂದಿನ ಸೀಟಿನ ಜಾಗದಲ್ಲಿ, ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಅಗಲದ ಮಣೆ.

೧೯೬೧ರ ಕಾರ್ತಿಕ ಸೋಮವಾರ ತುಂಗಮ್ಮನವರು ಮಡಿಯುಟ್ಟು ಹತ್ತಿ ಕೂತರು. ಮಣೆ ತಟ್ಟಿ ನೋಡಿ, "ಭೇಷಾಗಿದೆ ಕಣೋ ವಾಸು" ಎಂದರು. ಗೊತ್ತುಮಾಡಿದ್ದ ಡ್ರೈವರು ಬಾಗಿಲಿಗೆ ಕೈ ಹಾಕಿದ.

"ನಿಲ್ಲಪ್ಪಾ! ಸ್ನಾನ ಮಾಡ್ದೋರು ಮಾತ್ರ ಒಳಗೆ. ಮಡೀಲಿರೋ ವಾಸೂನೇ ಕಾರ್ ಬಿಡ್ಲಿ."

ಮಡಿಪಂಚೆಯುಟ್ಟ ಮೂರ್ತಿಗಳು ಕಾರಿನ ಪಕ್ಕ ನಿಂತೇ ಇದ್ದರು. ಕಾರು ಹೊರಡುವುದನ್ನು ನೋಡಲು ಬಂದಿದ್ದ ಶೇಷಗಿರಿಯ ಬಾಯಿ ಸುಮ್ಮನಿರಲಿಲ್ಲ: "ಯಾಕ್ ಸಾರ್, ಹತ್ತಲ್ವಾ?"

"ಕಾರು ಕಟ್ಟೋಕೆ ಬರುತ್ತೆ, ಬಿಡೋಕೆ ಬರಲ್ಲ. ಹೋಗ್ರೀ, ತಲೆಗೆ ಎರಡು ಚೊಂಬು ನೀರು ಹುಯ್ಕೊಂಡು ಬಂದು ತಳ್ಳಿ."