ಹೊಳೆಗೆಂದು ಕೊಂಡ ಪೆಡಲ್ ದೋಣಿ

ವಾಮನಣ್ಣನಿಗೆ ಹೊಳೆಯ ನೀರನ್ನು ನಾಲಗೆಗೆ ಹಚ್ಚಿ ನೋಡುವ ಅಭ್ಯಾಸವಿತ್ತು. ಕುದ್ರೋಳಿಯಲ್ಲಿ ನಮ್ಮ ಮನೆಗಳ ಹಿಂದಿನ ಹೊಳೆ ಮಳೆಗಾಲದಲ್ಲಿ ಸಪ್ಪೆ, ಬೇಸಗೆಯಲ್ಲಿ ಉಪ್ಪು. ಬೆಳಗ್ಗೆ ದಡಕ್ಕಿಳಿದು ಬೆರಳದ್ದಿ ಚೀಪಿ, "ಇವತ್ತು ಸಮುದ್ರ ಮನೆವರೆಗೆ ಬಂದುಂಟು" ಎನ್ನುತ್ತಿದ್ದರು, ನೆಂಟರು ಬಂದ ಸುದ್ದಿ ಹೇಳುವ ಹಾಗೆ. ನನಗದು ಹೇಸಿಗೆ. ಆ ನೀರಿಗೆ ಯಾವ ಯಾವ ಚರಂಡಿ ಸೇರುತ್ತದೆಂದು ನನಗೆ ಗೊತ್ತಿತ್ತು.

ವಾಮನಣ್ಣ ಹುಟ್ಟಿದ್ದು ಮೀನುಗಾರರ ಮನೆಯಲ್ಲಿ. ಬಲೆ ಎಳೆದೆಳೆದು ಭುಜ ಹೋಗಿತ್ತು. ಹೆಂಡತಿ ಸರೋಜಕ್ಕನ ಅಣ್ಣ ಸಮುದ್ರದ ಪಾಲಾದ ಮೇಲೆ, ಇನ್ನು ಹೊಳೆ ಬಿಟ್ಟು ಕಡಲಿಗೆ ಹೋಗುವುದಿಲ್ಲವೆಂದು ಆಕೆಗೆ ಮಾತು ಕೊಟ್ಟಿದ್ದರು. ಆದರೆ ಮೀನು ಹಿಡಿಯದೆ ಇರಲಾಗದ ಜೀವ. ಕಾಲು ಇನ್ನೂ ಗಟ್ಟಿಯಿತ್ತು. ಸೈಕಲ್ಲಿನಂತೆ ತುಳಿದು ನಡೆಸುವ ಕಯಾಕ್ ದೋಣಿ ಸಿಗುತ್ತದೆಂದು ಕೇಳಿ, ನಾವು ಮೂವರೂ ಪಂಪ್‌ವೆಲ್ ಹತ್ತಿರದ ಅಂಗಡಿಗೆ ಹೋದೆವು.

ಅಲ್ಲಿ ಎರಡು ಬಗೆ ಇದ್ದವು. ಒಂದು ಉದ್ದ, ಸಪೂರ, ತೆರೆಗೆ ಹೇಳಿ ಮಾಡಿಸಿದ್ದು. ಅದರ ಪೆಡಲಿಗೆ ಉಪ್ಪಿನ ಹೆದರಿಕೆಯಿಲ್ಲ. ಇನ್ನೊಂದು ಗಿಡ್ಡ, ಅಗಲ, ಹೊಳೆ ಕೆರೆಗಳಿಗೆ. "ಉಪ್ಪುನೀರಿಗೆ ಇಳಿಸಿದ್ರೆ ಇದ್ರ ಬೇರಿಂಗ್ ಹಿಡೀತದೆ, ಪೆಡಲ್ ತಿರುಗುದಿಲ್ಲ" ಎಂದ ಅಂಗಡಿಯವ. ವಾಮನಣ್ಣ ಉದ್ದದ್ದರ ಬೆನ್ನು ಸವರುತ್ತ ನಿಂತಿದ್ದರು. ಸರೋಜಕ್ಕ ಗಿಡ್ಡದ್ದನ್ನು ತೋರಿಸಿ, "ಇದೇ ಇರ್ಲಿ. ಉಪ್ಪಿಗೆ ಹೋದ್ರೆ ನಿಲ್ತದಲ್ಲ, ನಂಗೆ ಅದೇ ಬೇಕು" ಎಂದರು. ನೀರು ಉಪ್ಪಾದ ದಿನ ದೋಣಿ ಇಳಿಸಬಾರದೆಂದು ಅಲ್ಲೇ ಕರಾರೂ ಆಯಿತು.

ಅಂದಿನಿಂದ ನಡುಬೇಸಗೆಯಲ್ಲೂ ವಾಮನಣ್ಣನ ನಾಲಗೆಗೆ ನೀರು ಸಪ್ಪೆಯೇ. ಒಮ್ಮೆ ಚೀಲ ತುಂಬ ಬಂಗುಡೆ ತಂದರು. ಬಂಗುಡೆ ಕಡಲಿನ ಮೀನೆಂದು ಇಲ್ಲಿ ಮಕ್ಕಳಿಗೂ ಗೊತ್ತು.

"ಎಂತ ವಾಮನಣ್ಣ, ಹೊಳೆಯಲ್ಲಿ ಬಂಗುಡೆಯಾ?"

"ಪಾಪ, ದಾರಿ ತಪ್ಪಿ ಬಂದಿರ್ಬೇಕು ಮಾರಾಯ."

ಸರೋಜಕ್ಕ ಮೀನು ಕೊಯ್ಯಲು ಕೂತರು.

ಸ್ವಲ್ಪ ದಿನಕ್ಕೆ ಪೆಡಲು ಬಿಗಿದುಕೊಂಡಿತು. ವಾಮನಣ್ಣ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ಊಟಕ್ಕೆ ಕರೆದರೂ ಏಳಲಿಲ್ಲ, ನಾನು ಕೆಣಕಿದರೂ ತಿರುಗಲಿಲ್ಲ. ನೋಡಿ ನನಗೇ ಹೆದರಿಕೆಯಾಯಿತು. ಕೊನೆಗೆ ಅವರೇ ಯಾರನ್ನೋ ಕರೆಸಿ ಬೇರಿಂಗ್ ಬದಲಿಸಿದರು. ಆಮೇಲೆ ಅದು ಮತ್ತೆ ಹಿಡಿಯಲೇ ಇಲ್ಲ. ಅಂಗಡಿಯವ ಸುಮ್ಮನೆ ಹೆದರಿಸಿದ್ದನೆಂದು ನಾನು ತಿಳಿದೆ.

ಕೊನೆಯ ಸಲ ಕಂಡಾಗಲೂ ಬೆರಳು ಚೀಪಿ, "ಸಪ್ಪೆ" ಎಂದು ನನಗೆ ಕಣ್ಣು ಮಿಟುಕಿಸಿ ಹೊರಟರು. ಆ ದಿನ ಕಡಲಿನಲ್ಲಿ ಗಾಳಿ ಎದ್ದಿತು. ಮೊದಲು ದೋಣಿ ದಡಕ್ಕೆ ಬಂತು, ಮರುದಿನ ಅವರು.

ಉತ್ತರಕ್ರಿಯೆ, ಬೊಜ್ಜದ ಊಟವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಹೋದೆ. ಸರೋಜಕ್ಕ ಬಾವಿಕಟ್ಟೆಯ ಬಳಿ ದೋಣಿಯ ಪೆಡಲಿಗೆ ಸಿಹಿನೀರು ಹೊಯ್ದು ತಿಕ್ಕುತ್ತಿದ್ದರು.

"ಇನ್ನು ಯಾರಿಗೆ ಅಕ್ಕ?"

"ಅಭ್ಯಾಸ. ಅವ್ರು ಊಟ ಮಾಡಿ ಮಲಗಿದ ಮೇಲೆ ದಿನಾ ನಾನೇ ತೊಳೀತಿದ್ದೆ. ಗೋಡೆಗೆ ಮುಖ ಮಾಡಿ ಕೂತದ್ದು ನೋಡ್ಲಿಕ್ಕೆ ಆಗ್ಲಿಲ್ಲ ನಂಗೆ."

ಪೆಡಲನ್ನು ಕೈಯಿಂದ ಒಮ್ಮೆ ತಿರುಗಿಸಿದರು. ಅದು ಸದ್ದಿಲ್ಲದೆ ತಿರುಗಿತು.

"ತೊಳೆಯದೆ ಬಿಟ್ಟಿದ್ರೆ ಹಿಡೀತಿತ್ತು" ಎಂದರು. "ಇವತ್ತೂ ಗೋಡೆ ನೋಡ್ಕೊಂಡು ಕೂತಿರ್ತಿದ್ರು."