ಅಕ್ಕ ಮುಖ ತಿರುಗಿಸಿದ್ದು

ನಮ್ಮ ಭಾವ ದರ್ಜಿ. ಹೊಲಿಗೆಯಲ್ಲಿ ಎತ್ತಿದ ಕೈ, ಬಿಗುಮಾನದಲ್ಲಿ ಅದಕ್ಕೂ ಒಂದು ಕೈ ಮೇಲು. ಯಾರಾದರೂ ಒಂದು ಮಾತು ಚುಚ್ಚಿದರೆ ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು ತಿರುಗುವ ಆಸಾಮಿ.

ಅವರ ಮೂಗು ಯಾವಾಗ ಕಟ್ಟಿತೋ ಯಾರಿಗೂ ನೆನಪಿಲ್ಲ. ಮೇಲಿನ ದವಡೆಯ ಒಂದು ಹಲ್ಲು ಸತ್ತು ಕಪ್ಪಾಗಿತ್ತು. ಆಮೇಲೆ ಉಸಿರಿನಲ್ಲಿ ನಾತ ಶುರುವಾಯಿತು. ಸುಮ್ಮನೆ ಬಾಯಿವಾಸನೆಯಲ್ಲ, ಹೂವಿಟ್ಟು ಮರೆತ ಪಾತ್ರೆಯ ಕೊಳೆತ ನೀರಿನ ಹಾಗೆ. ಗೊತ್ತಿಲ್ಲದಿದ್ದವರು ಅವರೊಬ್ಬರೇ. ಕೊರಳಿನ ಅಳತೆ ಕೊಡುವಾಗ ಗಿರಾಕಿಗಳು ಉಸಿರು ಬಿಗಿಹಿಡಿದು ಚಾವಣಿ ನೋಡುತ್ತಿದ್ದರು. "ನೆಟ್ಟಗೆ ನಿಲ್ಲೋಕೂ ಬರಲ್ಲ ಇವಕ್ಕೆ" ಎಂದು ಭಾವ ಗೊಣಗುತ್ತಿದ್ದರು.

ಅಕ್ಕನಿಗೆ ಚಾವಣಿ ನೋಡಿ ಪಾರಾಗುವ ಹಾಗಿರಲಿಲ್ಲ. ವಾಂತಿ ಬಂದಂತಾಗಿ ಗೋಡೆಯ ಕಡೆ ತಿರುಗಿ ಮಲಗತೊಡಗಿದಳು.

"ಡಾಕ್ಟರಿಗೆ ತೋರಿಸಿ ಅಂದ್ರೆ, ನೆಗಡಿಗೆಲ್ಲ ಯಾರಾದ್ರೂ ಡಾಕ್ಟರ ಹತ್ರ ಹೋಗ್ತಾರಾ ಅಂತಾರೆ" ಎಂದಳು ನನ್ನೆದುರು.

"ಇದ್ದದ್ದು ಇದ್ದ ಹಾಗೆ ಹೇಳಿಬಿಡು ಅಕ್ಕಾ."

"ಎಂಥವರು ಅಂತ ಗೊತ್ತಲ್ಲ. ಆಮೇಲೆ ಯಾರ ಮುಂದೇನೂ ಬಾಯಿ ತೆಗೆಯಲ್ಲ, ಅಂಗಡಿ ಮುಚ್ಚಿ ಕೂತುಬಿಡ್ತಾರೆ. ನೀನೂ ಹೇಳ್ಬಾರ್ದು, ನನ್ನಾಣೆ."

ಭಾವ ಬೇರೆಯೇ ಅರ್ಥ ಮಾಡಿಕೊಂಡರು. ಹೆಂಡತಿಗೆ ತಾನು ಬೇಡವಾದೆ ಅಂತ. ಬಾಯಿಬಿಟ್ಟು ಕೇಳಲಿಲ್ಲ. ಹಾಸಿಗೆ ಸುತ್ತಿಕೊಂಡು ಅಂಗಡಿಗೆ ಹೋಗಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗತೊಡಗಿದರು. ಊಟಕ್ಕೆ ಬಂದು, ತಲೆ ತಗ್ಗಿಸಿ ಉಂಡು, ಎದ್ದು ಹೋಗುತ್ತಿದ್ದರು. ಇಬ್ಬರನ್ನೂ ಎದುರಾಬದುರು ಕೂರಿಸಿ ಬೈಯಬೇಕೆಂದು ನನಗೆ ಅನ್ನಿಸುತ್ತಿತ್ತು, ಅಕ್ಕನ ಆಣೆ ಅಡ್ಡ ಬರುತ್ತಿತ್ತು. ಹಾಗೇ ವರ್ಷಗಳು ಉರುಳಿದವು. ಅಕ್ಕನಿಗೆ ಹೃದಯದ ಕಾಯಿಲೆ ಬಂತು, ಆಸ್ಪತ್ರೆ ಸೇರಿದಳು, ಹೋಗಿಬಿಟ್ಟಳು.

ಅವಳು ಹೋದ ಮೇಲೆ ಭಾವನ ಕೆನ್ನೆ ಊದಿಕೊಂಡಿತು. ನಾನೇ ಎಳೆದುಕೊಂಡು ಹೋಗಿ ತೋರಿಸಿದೆ. ಸತ್ತ ಹಲ್ಲಿನ ಬೇರಿನಲ್ಲಿ ದ್ರವ ತುಂಬಿದ ಚೀಲ ಬೆಳೆದು, ಕೆನ್ನೆಯ ಮೂಳೆಯೊಳಗಿನ ಪೊಳ್ಳಿಗೆ, ಅಂದರೆ ಸೈನಸ್ಸಿಗೆ, ನುಗ್ಗಿ ಕೀವಾಗಿತ್ತಂತೆ. ಕೆನ್ನೆ ಕೊಯ್ಯುತ್ತಾರೆಂದು ಭಾವ ನಡುಗಿದ್ದಷ್ಟೇ ಬಂತು. ಡಾಕ್ಟರಮ್ಮ ಮೂಗಿನ ಹೊಳ್ಳೆಯಿಂದಲೇ ಕ್ಯಾಮೆರಾ ಇರುವ ಸಣ್ಣ ನಳಿಕೆ ತೂರಿಸಿ ಚೀಲ ಬಿಡಿಸಿ ತೆಗೆದರು, ಹಲ್ಲನ್ನೂ ಕಿತ್ತರು. ಮುಖದ ಮೇಲೆ ಒಂದು ಗೀರೂ ಬೀಳಲಿಲ್ಲ. ಇಷ್ಟು ಸುಲಭದ ಕೆಲಸ ಎಂದು ನನಗೆ ಅಲ್ಲೇ ಅಳು ಬಂತು.

ಮಾರನೆಯ ದಿನ ಡಾಕ್ಟರಮ್ಮ ನೋಡಲು ಬಂದರು. "ನಿಮಗೆ ಮೂಗು ಕಟ್ಟಿತ್ತು, ಗೊತ್ತಾಗಿರಲ್ಲ. ಪಕ್ಕದಲ್ಲಿ ಮಲಗೋರಿಗೆ ಆ ನಾತ ತಡೆಯೋಕೇ ಆಗ್ತಿರಲಿಲ್ಲ" ಎಂದು ನಕ್ಕು ಮುಂದಿನ ಮಂಚಕ್ಕೆ ಹೋದರು.

ಭಾವ ನನ್ನ ಕಡೆ ನೋಡಿದರು. "ನಿಮ್ಮಕ್ಕ ಆ ಕಡೆ ತಿರುಗಿ ಮಲಗ್ತಿದ್ದದ್ದು ಇದಕ್ಕಾ?"

"ಹೂಂ ಭಾವ. ಹೇಳಿದ್ರೆ ನಿಮಗೆ ನೋವಾಗುತ್ತೆ ಅಂತ ಸುಮ್ಮನಿದ್ದಳು."

ಅವರ ಕಣ್ಣು, ಮೂಗು ಒಟ್ಟಿಗೇ ಸುರಿಯತೊಡಗಿದವು. ಗಾಯ ಮಾಯುವ ತನಕ ಮೂಗು ಸೀಟಬಾರದೆಂದು ಹೇಳಿದ್ದರು. ಮಗುವಿಗೆ ಒರೆಸುವ ಹಾಗೆ ನಾನೇ ಹತ್ತಿಯಿಂದ ಒರೆಸಿದೆ. ಒರೆಸಿದಷ್ಟೂ ಬರುತ್ತಿತ್ತು.

"ಪುಟ್ಟಿ, ಕೊನೇ ದಿನ ಆಸ್ಪತ್ರೆಯಲ್ಲಿ ನಿಮ್ಮಕ್ಕ ಹತ್ರ ಬನ್ನಿ ಅಂತ ಕೈ ಮಾಡಿ ಕರೆದಳು" ಎಂದರು. "ಇಷ್ಟು ವರ್ಷ ಬೇಡವಾದವನು ಈಗ ಯಾಕೆ ಬೇಕಾದೆ ಅಂತ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ತುಟಿ ಅಲ್ಲಾಡ್ತಾ ಇತ್ತು. ಏನೋ ಹೇಳ್ತಿದ್ದಳು. ಅಲ್ಲಿಗೆ ಕೇಳಿಸ್ತಿರಲಿಲ್ಲ."