ಹಿಂದಕ್ಕೆ ಹೋಗುವ ಗಾಡಿ

ಅಸೂಯೆಯು ಮನುಷ್ಯನನ್ನು ಒಳಗಿನಿಂದ ತಿಂದು ಕೃಶನನ್ನಾಗಿ ಮಾಡುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಾನು ಅತ್ಯಂತ ತೀವ್ರವಾಗಿ ಅಸೂಯೆಪಟ್ಟ ವರ್ಷ ನನ್ನ ತೂಕ ನಾಲ್ಕು ಕಿಲೋ ಹೆಚ್ಚಾಯಿತು. ಅಸೂಯೆಯ ನಿಮಿತ್ತ ವಾರಕ್ಕೆ ಎರಡು ಸಲ ಹೊಸಪೇಟೆಯಿಂದ ಕಂಪ್ಲಿಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅಲ್ಲಿ ಒಗ್ಗರಣೆ ಮಿರ್ಚಿ, ಅಂದರೆ ಮಂಡಕ್ಕಿ ಒಗ್ಗರಣೆ ಮತ್ತು ಮೆಣಸಿನಕಾಯಿ ಬಜ್ಜಿ, ಕೊಡುತ್ತಿದ್ದರು.

ಕಂಪ್ಲಿಯಲ್ಲಿದ್ದವನು ನನ್ನ ಹೆಂಡತಿಯ ತಮ್ಮ. ಅಕ್ಕಿ ಗಿರಣಿಯ ಮಾಲೀಕ. ಅವನಿಗೆ ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಕಾಲಿಲ್ಲದವನ ಮೇಲೆ ಹೊಟ್ಟೆಕಿಚ್ಚುಪಡುವ ಅರ್ಹತೆ ಎಲ್ಲರಿಗೂ ಇರುವುದಿಲ್ಲ. ನನಗೆ ಮೂರನೆಯ ವಯಸ್ಸಿಗೇ ಬಂತು. ಪೋಲಿಯೋ ಹೊಡೆದು ನನ್ನ ಎರಡೂ ಕಾಲು ಸೊರಗಿದವು. ಒಂದು ಹೆಸರಿಗೆ, ಇನ್ನೊಂದು ಲೆಕ್ಕಕ್ಕೆ.

ನಾನು ಮೂವತ್ತೈದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ನೌಕರರ ಸೇವಾ ಪುಸ್ತಕ ನೋಡಿಕೊಂಡ ಗುಮಾಸ್ತ. ಯಾರು ಯಾರಿಗಿಂತ ಹಿರಿಯರು ಎಂಬುದನ್ನು ತೀರ್ಮಾನಿಸುವುದೇ ನನ್ನ ಕೆಲಸವಾಗಿತ್ತು. ಆದ್ದರಿಂದ ಭಾವಮೈದುನನ ಕಾಲನ್ನು ಶುಗರ್ ಕಾಯಿಲೆಯಿಂದಾಗಿ ತೆಗೆದರು ಎಂದು ಸುದ್ದಿ ಬಂದಾಗ ದುಃಖವಾದದ್ದು ನಿಜ, ಆದರೆ ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದು ಕಡತ ತಾನಾಗಿ ತೆರೆದುಕೊಂಡಿತು: ಕುಂಟುವಿಕೆಯಲ್ಲಿ ನನ್ನ ಸೇವೆ ಐವತ್ತೆಂಟು ವರ್ಷ, ಅವನದು ಒಂಬತ್ತು ದಿನ.

ನೋಡಲು ಹೋದೆ. ಹಿರಿಯ ಅಧಿಕಾರಿ ಹೊಸಬನಿಗೆ ಕೆಲಸ ಹೇಳಿಕೊಡುವ ಹಾಗೆ, ಮೆಟ್ಟಿಲನ್ನು ಯಾವ ಕಡೆಯಿಂದ ಹತ್ತಬೇಕು, ಒದ್ದೆ ನೆಲದಲ್ಲಿ ಊರುಗೋಲನ್ನು ಹೇಗೆ ಊರಬೇಕು, ಅನುಕಂಪ ತೋರಿಸಲು ಬಂದವರಿಂದ ಹೇಗೆ ಕೆಲಸ ಮಾಡಿಸಿಕೊಳ್ಳಬೇಕು ಎಂದೆಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ನಮ್ಮ ಸಂಬಂಧದಲ್ಲಿ ಅವನು ನನ್ನ ಮಾತು ಕೇಳಿಸಿಕೊಂಡದ್ದು ಅದೇ ಮೊದಲು. ಅದಕ್ಕೂ ಮುಂಚೆ ಅವನು ಜೀಪಿನಲ್ಲಿ ಹಾರ್ನ್ ಹೊಡೆಯುತ್ತ ನನ್ನ ಸ್ಕೂಟರನ್ನು ದಾಟಿ ಹೋಗಿ, ಮನೆಗೆ ಮೊದಲು ತಲುಪಿ, ಬಾಗಿಲಲ್ಲಿ ನಿಂತಿರುತ್ತಿದ್ದ. "ಮಾವಾರ, ಗಾಡಿ ಅಂದ್ರ ನಾಕು ಗಾಲಿ ಇರಬೇಕ್ರಿ" ಎನ್ನುತ್ತಿದ್ದ.

"ನಂದಕ್ಕೂ ನಾಕ ಅದಾವಲ್ಲೋ" ಎನ್ನುತ್ತಿದ್ದೆ.

ಲೆಕ್ಕ ಸರಿಯಾಗಿತ್ತು. ನನ್ನ ಸ್ಕೂಟರಿಗೆ ಕಂಪನಿ ಕೊಟ್ಟ ಎರಡು ಗಾಲಿ, ಹಿಂದೆ ಅಕ್ಕಪಕ್ಕ ಬೆಸುಗೆ ಹಾಕಿಸಿದ ಇನ್ನೆರಡು. ಹೊಸಪೇಟೆಯ ಒಬ್ಬ ವೆಲ್ಡಿಂಗ್ ಅಂಗಡಿಯವನು ನನ್ನ ಸೊಂಟದ ಅಳತೆ ತೆಗೆದುಕೊಂಡೇ ಅದನ್ನು ಮಾಡಿಕೊಟ್ಟಿದ್ದ. ಬ್ರೇಕೆಲ್ಲ ಕೈಯಲ್ಲಿ. ಆ ಸ್ಕೂಟರಿನ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಸಂಡೂರಿಗೆ ಹೋಗಿದ್ದೇನೆ. ಅದಿರಿನ ಲಾರಿಗಳು ಕೊರೆದ ಹಳ್ಳದಲ್ಲಿ ಒಂದು ಪಕ್ಕದ ಗಾಲಿ ಗಾಳಿಯಲ್ಲಿ ತಿರುಗುತ್ತ, ಇನ್ನೊಂದು ನೆಲ ಕಚ್ಚಿ, ಇಬ್ಬರೂ ಮೆಣಸಿನ ಪುಡಿ ಹಚ್ಚಿದ ಮೀನಿನ ಬಣ್ಣಕ್ಕೆ ಬಂದು ಮನೆ ಸೇರಿದ್ದೇವೆ. ಅದಕ್ಕೆಲ್ಲ ನನ್ನ ತಕರಾರಿಲ್ಲ. ನನ್ನ ತಕರಾರು ಒಂದೇ: ಆ ಗಾಡಿ ಹಿಂದಕ್ಕೆ ಹೋಗುವುದಿಲ್ಲ.

ಕಾಲಿದ್ದವರು ಸ್ಕೂಟರನ್ನು ಕೂತಲ್ಲೇ ಕಾಲಿನಿಂದ ಹಿಂದಕ್ಕೆ ತಳ್ಳಿಕೊಳ್ಳುತ್ತಾರೆ. ಅದು ಒಂದು ಸಾಮರ್ಥ್ಯ ಎಂಬುದೂ ಅವರಿಗೆ ಗೊತ್ತಿಲ್ಲ. ನಾನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆನೆಂದರೆ ಮುಗಿಯಿತು. ಹಾದಿಯಲ್ಲಿ ಹೋಗುವವರನ್ನು ಕರೆದು "ಸ್ವಲ್ಪ ಹಿಂದಕ್ಕ ಎಳೀರಿ" ಎನ್ನಬೇಕು. ಮೂವತ್ತು ವರ್ಷ ಈ ಒಂದು ವಾಕ್ಯವನ್ನು ಎಲ್ಲ ಜಾತಿ, ಎಲ್ಲ ವಯಸ್ಸಿನವರಿಗೂ ಹೇಳಿದ್ದೇನೆ. ಒಮ್ಮೆ ಮರಿಯಮ್ಮನಹಳ್ಳಿಯಲ್ಲಿ ಮಧ್ಯಾಹ್ನದ ಹೊತ್ತು ಎಳೆಯುವವರು ಸಿಗದೆ ಗೋಡೆಯ ಮೇಲಿನ ಸಿಮೆಂಟಿನ ಜಾಹೀರಾತನ್ನು ನಲವತ್ತು ನಿಮಿಷ ಓದಿದೆ. ಹೆಂಡತಿ ಜೊತೆಗಿದ್ದರೆ ಅವಳೇ ಇಳಿದು ಎಳೆಯುತ್ತಾಳೆ. ಈಚೆಗೆ ಅವಳಿಗೂ ಮೊಣಕಾಲು ನೋವು. ಎಳೆಯುವಾಗ ಹಲ್ಲು ಕಚ್ಚುವ ಸದ್ದು ನನಗೆ ಮುಂದೆ ಕೂತಲ್ಲಿಗೆ ಕೇಳಿಸುತ್ತದೆ.

ಕಾರು ಓಡಿಸಬೇಕೆಂಬ ಆಸೆ ನನಗಿತ್ತು. ಕಾರು ದೊಡ್ಡದೆಂದಲ್ಲ, ಗಾಳಿ ಮಳೆ ತಡೆಯುತ್ತದೆಂದೂ ಅಲ್ಲ. ಅದು ತನ್ನಷ್ಟಕ್ಕೆ ಹಿಂದಕ್ಕೆ ಹೋಗುತ್ತದೆ ಎಂದು. ನಲವತ್ತರ ಆಸುಪಾಸಿನಲ್ಲಿ ಒಂದು ಡ್ರೈವಿಂಗ್ ಸ್ಕೂಲಿಗೆ ವಿಚಾರಿಸಲು ಹೋಗಿದ್ದೆ. ಅಲ್ಲಿದ್ದವನು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. "ನಿಮಗ್ಯಾಕ್ರಿ ಸರ್ ಸುಮ್ನ?" ಎಂದ. ಒರಟಾಗಿ ಹೇಳಲಿಲ್ಲ, ಕುಡಿಯಲು ನೀರೂ ಕೊಟ್ಟ. ಮನೆಗೆ ಬಂದು, ಕಾರಿನೊಳಗೆ ನನಗೆ ಉಸಿರು ಕಟ್ಟುತ್ತದೆ ಎಂದು ಎಲ್ಲರಿಗೂ ಸಾರಿದೆ. ಇಪ್ಪತ್ತು ವರ್ಷ ಆ ಸುಳ್ಳನ್ನು ನಿಷ್ಠೆಯಿಂದ ನಡೆಸಿಕೊಂಡು ಬಂದೆ.

ಭಾವಮೈದುನನ ಕಾಲು ಹೋಗಿ ಆರು ತಿಂಗಳಿಗೆ ನಮ್ಮ ಓಣಿಯಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಓಡಿಸಿಕೊಂಡು ಬಂದವನು ಗಿರಣಿಯ ಡ್ರೈವರ್. ಪಕ್ಕದ ಸೀಟಿನಿಂದ ಭಾವಮೈದುನ, "ಅಕ್ಕಾ, ಹೊರಗ ಬಾ" ಎಂದು ಕೂಗಿದ.

ಅದು ಕ್ಲಚ್ಚಿಲ್ಲದ ಆಟೋಮೆಟಿಕ್ ಕಾರು. ಸ್ಟಿಯರಿಂಗಿನ ಎಡಕ್ಕೆ ಒಂದು ಕಬ್ಬಿಣದ ಹಿಡಿಕೆ: ಮುಂದಕ್ಕೆ ತಳ್ಳಿದರೆ ಬ್ರೇಕು, ತನ್ನ ಕಡೆಗೆ ಎಳೆದರೆ ವೇಗ. ಬಲಗೈ ಒಂದರಲ್ಲೇ ತಿರುಗಿಸಲು ಸ್ಟಿಯರಿಂಗಿಗೆ ಒಂದು ಗುಂಡನೆಯ ಹಿಡಿ. ಡ್ರೈವರ್ ಸೀಟು ಬಾಗಿಲ ಕಡೆಗೆ ತಿರುಗಿ ಕೂತವನನ್ನು ಮರ್ಯಾದೆಯಿಂದ ಹೊರಗೆ ಬಿಡುತ್ತಿತ್ತು. ಹೆಂಡತಿ ಅದರಲ್ಲಿ ಕೂತು ಎರಡು ಸಲ ತಿರುಗಿದಳು. "ಭಾಳ ಮಸ್ತ್ ಐತಿ ನೋಡ್ರಿ! ಮೊಣಕಾಲಿಗೆ ಏನೂ ತ್ರಾಸಿಲ್ಲ."

ನಾನು ಗಾಡಿಯನ್ನು ಒಂದು ಸುತ್ತು ಹಾಕಿ ದೋಷ ಹುಡುಕಿದೆ. ಹಿಂದಿನ ಬಂಪರಿನಲ್ಲಿ ಉಗುರಿನಷ್ಟು ಗೀರು ಸಿಕ್ಕಿತು. ಅದನ್ನು ಎಲ್ಲರಿಗೂ ತೋರಿಸಿದೆ.

ಅಷ್ಟರಲ್ಲಿ ಡ್ರೈವರ್ ಕಾರನ್ನು ಓಣಿಯಿಂದ ರಸ್ತೆಯವರೆಗೆ ಹಿಂದಕ್ಕೆ ತೆಗೆದ. ಯಾರೂ ಇಳಿಯಲಿಲ್ಲ, ಯಾರೂ ಎಳೆಯಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ ಎಂದು ಬರೆಯಬೇಕು, ಆದರೆ ಸೇರಿತು. ಒಂದು ರೊಟ್ಟಿ ಜಾಸ್ತಿಯೇ ತಿಂದೆ.

ಒಂದು ವಾರದ ಮೇಲೆ ಫೋನ್ ಬಂತು. "ಮಾವಾರ, ನೀವು ಮೊದಲಿಂದ ಕೈಲೆ ಓಡಿಸೋರು. ನನಗ ಕಲಿಸ್ರಿ."

"ನಿನ್ನ ಡ್ರೈವರ್ ಅದಾನಲ್ಲೋ?"

"ಅವಂಗ ಕಾಲಿಂದಷ್ಟ ಗೊತ್ತ್ರಿ."

ಹೀಗೆ ನಾನು ಕಲಿಸುವವನಾದೆ. ಗಿರಣಿಯ ಹಿಂದೆ ಭತ್ತ ಒಣಗಿಸುವ ದೊಡ್ಡ ಸಿಮೆಂಟಿನ ಕಣವಿದೆ. ಅದರ ತುದಿಗೆ ಹೊಟ್ಟಿನ ಗುಡ್ಡೆ. ಮೊದಲ ದಿನ ಅವನು ಹಿಡಿಕೆ ಎಳೆದ. ಕಾರು ಮುಂದೆ ಹೋಯಿತು. ಗುಡ್ಡೆ ಹತ್ತಿರ ಬಂತು. "ಬ್ರೇಕು" ಎಂದೆ. ಕಾರು ಅವಸರವಿಲ್ಲದೆ ಹೊಟ್ಟಿನೊಳಗೆ ಹೋಗಿ ನಿಂತಿತು. ಗಾಜಿನ ತುಂಬ ಹೊಟ್ಟು.

"ಬ್ರೇಕ್ ಒತ್ತೀನ್ರಿ ಮಾವಾರ! ಹಿಡೀಲಿಲ್ಲ!"

"ಯಾತರ್ಲೆ ಒತ್ತಿದಿ?"

ಅವನು ಕೆಳಗೆ ನೋಡಿದ. ಪಂಚೆಯೊಳಗೆ ಅವನ ಮೋಟುಗಾಲು ಇನ್ನೂ ಮುಂದಕ್ಕೆ ಒತ್ತಿಕೊಂಡೇ ಇತ್ತು. ಮೂವತ್ತೈದು ವರ್ಷ ಜೀಪು, ಲಾರಿ, ಟ್ರ್ಯಾಕ್ಟರು ನಿಲ್ಲಿಸಿದ ಕಾಲು. ಇಲ್ಲವಾದ ಮೇಲೂ ಕೆಲಸಕ್ಕೆ ಬಂದಿತ್ತು. ಅವನ ಕಣ್ಣಲ್ಲಿ ನೀರು ಬಂತು. ನಾನು ಸಮಾಧಾನ ಹೇಳಬೇಕಿತ್ತು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಕಾರಿಗಿಂತ ಹೆಚ್ಚಾಗಿ ಆ ಕಾಲಿನ ಮೇಲೆ ಹೊಟ್ಟೆ ಉರಿಯಿತು. ಅವನ ಕಾಲು ಕತ್ತರಿಸಿದ ಮೇಲೂ ಬ್ರೇಕ್ ಒತ್ತುತ್ತಿತ್ತು. ನನ್ನವೆರಡೂ ಐವತ್ತೆಂಟು ವರ್ಷ ನನ್ನ ಜೊತೆಗೇ ಇದ್ದು ಒಂದು ಸಲವೂ ಏನನ್ನೂ ಒತ್ತಿರಲಿಲ್ಲ.

ಎರಡನೆಯ ದಿನವೂ ಗುಡ್ಡೆ. ಮೂರನೆಯ ದಿನವೂ ಗುಡ್ಡೆ. ಭತ್ತ ಹರಡುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತು, "ಯಜಮಾನ್ರ, ಹೊಟ್ಟು ನಾವ ಸರಸ್ತೀವಿ ಬಿಡ್ರಿ. ನೀವ್ಯಾಕ ಕಾರ್ ತಗೊಂಡು ಬರ್ತೀರಿ?" ಎಂದಳು. ಕಣವೆಲ್ಲ ನಕ್ಕಿತು. ಅವನು ಸಿಟ್ಟಿನಿಂದ ಇಳಿದು, "ನೀವ ಓಡಿಸಿ ತೋರಸ್ರಿ ಹಂಗಾರ" ಎಂದ.

ನಾನು ಕೂತೆ. ಹಿಡಿಕೆ ಕೈಗೆ ಬಂತು. ನನ್ನ ಕೈಗಳಿಗೆ ಬ್ರೇಕೆಂದರೆ ಕೈಯಲ್ಲೇ ಇರುವ ವಸ್ತು, ಅವುಗಳಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ. ಕಣದ ಮಧ್ಯಕ್ಕೆ ಹೋಗಿ ನಿಲ್ಲಿಸಿದೆ. ಆಮೇಲೆ ಹಿಂದಕ್ಕೆ ಹೋಗುವ ಗೇರಿಗೆ ಹಾಕಿದೆ. ಕಾರು ಕುಂಯ್ ಕುಂಯ್ ಎನ್ನುತ್ತ ಹಿಂದಕ್ಕೆ ಹೋಯಿತು. ನಾನು ಯಾರನ್ನೂ ಕರೆಯಲಿಲ್ಲ. ಕಣದ ಆ ತುದಿಯವರೆಗೆ ಹಿಂದಕ್ಕೆ, ಅಲ್ಲಿಂದ ಭತ್ತದ ರಾಶಿಗಳ ನಡುವೆ ಮತ್ತೆ ಹಿಂದಕ್ಕೆ. ಮುಂದಕ್ಕೆ ಹೋಗುವ ಆಸೆಯೇ ಆಗಲಿಲ್ಲ.

"ಮಾವಾರ ಏನ್ ಏಡಿಗತೆ ಹೊಂಟಾರಲೇ!" ಎಂದ ಡ್ರೈವರ್.

ಭಾವಮೈದುನ ನಗಲಿಲ್ಲ. "ಸಾಕು ಇಳೀರಿ, ಪೆಟ್ರೋಲ್ ಹೋಗ್ತೈತಿ" ಎಂದ. ಅವನ ಮುಖದಲ್ಲಿ ನನಗೆ ಚಿರಪರಿಚಿತವಾದ ಭಾವವೊಂದು ಕಂಡಿತು. ಕನ್ನಡಿಯಲ್ಲಿ ದಿನಾ ನೋಡುವಂಥದ್ದು.

ನಾವಿಬ್ಬರೂ ಕಲಿಕೆಯ ಲೈಸೆನ್ಸು ಮಾಡಿಸಿದೆವು. ಅವನ ಹಳೆಯ ಲೈಸೆನ್ಸು ಎರಡು ಕಾಲಿನವನದು, ಅದಕ್ಕೆ ಅವನೂ ಹೊಸದಾಗಿ ಪರೀಕ್ಷೆ ಕೊಡಬೇಕಿತ್ತು. ಪರೀಕ್ಷೆಗೆ ಇದ್ದದ್ದು ಅದೊಂದೇ ಕಾರು. ಅದನ್ನು ನನಗೆ ಕೊಡಲು ಅವನು ಹಿಂದೆಮುಂದೆ ನೋಡಿದಾಗ ಹೆಂಡತಿ ಫೋನ್ ಕಸಿದುಕೊಂಡು, "ಲೇ ತಮ್ಮಾ, ನಿನಗ ಕಲಿಸಾಕ ಬಂದೋರಿಗೆ ಒಂದ್ ತಾಸು ಗಾಡಿ ಕೊಡಾಕ ಆಗಂಗಿಲ್ಲೇನು? ಮೂವತ್ತ್ ವರ್ಷ ಸ್ಕೂಟರ್ ಎಳದೀನಿ, ನಿನಗೇನ್ ಗೊತ್ತು!" ಎಂದಳು. ಎಳೆಯುವುದರ ಬಗ್ಗೆ ಅವಳು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ಆದರೆ ಅವನ ಕಾಲು ಬ್ರೇಕ್ ಒತ್ತುವುದನ್ನು ನಿಲ್ಲಿಸಬೇಕಲ್ಲ. ಅದಕ್ಕೆ ಉಪಾಯ ಹೊಳೆದದ್ದು ನನಗೇ. ಗಿರಣಿಯ ಗಾದಿಯ ಮೇಲೆ ಅವನು ಚಕ್ಕಳಮಕ್ಕಳ ಹಾಕಿ ಕೂತು ವ್ಯಾಪಾರ ಮಾಡುವುದನ್ನು ನೋಡುತ್ತಿದ್ದೆ. ಹಾಗೆ ಕೂತಾಗ ಅವನ ಮೈಯಲ್ಲಿ ಕೆಲಸ ಮಾಡುವುದು ಎರಡು ಕೈ ಮಾತ್ರ. ಕಾಲುಗಳಿಗೆ ಪೂರ್ತಿ ರಜೆ. "ಕಾರಿನಾಗೂ ಹಂಗ ಕುಂದ್ರು" ಎಂದೆ. ಎಡಗಾಲನ್ನು ಮಡಚಿ ಮೋಟುಗಾಲಿನ ಕೆಳಗೆ ಸಿಕ್ಕಿಸಿ ಕೂತ. ಹಿಡಿಕೆ ಎಳೆದ, ತಳ್ಳಿದ. ಕಾರು ಗುಡ್ಡೆಗೆ ನಾಲ್ಕು ಮಾರು ದೂರದಲ್ಲಿ ನಿಂತಿತು. ಅವನು ಜೋರಾಗಿ ನಕ್ಕ. ಅಂದಿನಿಂದ ಅವನು ಕಾರು ಓಡಿಸುವುದು ಅಕ್ಕಿ ಮಾರುವ ಭಂಗಿಯಲ್ಲಿ. ಒಂದು ವಾರದಲ್ಲಿ ನನಗಿಂತ ಚೆನ್ನಾಗಿ ಓಡಿಸತೊಡಗಿದ. ಹಿಂದಕ್ಕೂ.

ಅದು ನನಗೆ ಹಿಡಿಸಲಿಲ್ಲ.

ಪರೀಕ್ಷೆಗೆ ಎರಡು ದಿನ ಮುಂಚೆ ಡ್ರೈವರ್ ನನ್ನನ್ನು ಪಕ್ಕಕ್ಕೆ ಕರೆದ. "ಸರ್, ಸಾಹೇಬ್ರು ಹಿಂಗ ಕಾಲ ಮಡಚಿ ಕುಂತ್ರ ಇನ್‌ಸ್ಪೆಕ್ಟರ್ ಒಪ್ಪಂಗಿಲ್ರಿ. ನೀವ ಹೇಳ್ರಿ, ನಾ ಹೇಳಿದ್ರ ಬೈತಾರ."

"ಹೇಳ್ತೀನಿ" ಎಂದೆ. ಹೇಳಲಿಲ್ಲ. ಮರೆತದ್ದಲ್ಲ. ಎರಡು ದಿನದಲ್ಲಿ ಭಾವಮೈದುನನೊಂದಿಗೆ ಐದು ಸಲ ಮಾತಾಡಿದೆ, ಐದು ಸಲವೂ ನೆನಪಿತ್ತು. ಸೇವಾ ಹಿರಿತನದಲ್ಲಿ ನಾನು ಮೊದಲು ಪಾಸಾಗಬೇಕು ಎಂಬುದಷ್ಟೇ ನನ್ನ ವಾದ. ಕಚೇರಿಯಲ್ಲಿ ಇಂಥ ವಾದವನ್ನು ಎಷ್ಟೋ ಜನರ ಅರ್ಜಿಯಲ್ಲಿ ಓದಿ ಒಳಗೊಳಗೇ ನಕ್ಕಿದ್ದೆ.

ಪರೀಕ್ಷೆ ಹೊಸಪೇಟೆಯಲ್ಲಿ, ಬೆಳಿಗ್ಗೆ ಹತ್ತೂವರೆಗೆ. ಕಾರು ಅವನದಾದ್ದರಿಂದ ಅವನೇ ಮೊದಲು. ಇನ್‌ಸ್ಪೆಕ್ಟರ್ ಸಭ್ಯ ಮನುಷ್ಯ. ಕಿಟಕಿಯಲ್ಲಿ ಬಗ್ಗಿ ನೋಡಿ, "ಯಜಮಾನ್ರ, ಇದು ಅಂಗಡಿ ಅಲ್ರಿ. ಕಾಲು ಕೆಳಗ ಬಿಟ್ಟು ಕುಂದ್ರಿ" ಎಂದ.

ಭಾವಮೈದುನ ನನ್ನ ಕಡೆ ನೋಡಿದ. ನಾನು ನನ್ನ ಕಾಗದಗಳನ್ನು ನೋಡಿದೆ. ಅವನು ಕಾಲು ಬಿಟ್ಟ. ಮುಂದಕ್ಕೆ ಸರಿಯಾಗಿ ಹೋದ. ಹಿಂದಕ್ಕೆ ಬರುವಾಗ ಗಡಿಯ ಕಂಬ ಹತ್ತಿರವಾಯಿತು, ಅವನ ಮೈ ಒಮ್ಮೆ ಬಿಗಿಯಿತು, ಪಂಚೆ ಅಲುಗಿತು. ಕೈ ಅಲುಗಲಿಲ್ಲ. ಕಂಬ ಬಿತ್ತು.

ಆಮೇಲೆ ನನ್ನ ಸರದಿ. ಕಂಬಗಳ ನಡುವೆ ಹಿಂದಕ್ಕೆ ಹೋಗಿ ನಿಲ್ಲಿಸಿದೆ. ಮೂವತ್ತು ವರ್ಷ ಕಾದ ಕೆಲಸ ಒಂದು ನಿಮಿಷದೊಳಗೆ ಮುಗಿಯಿತು. ಇಳಿದಾಗ ಅವನು ನೆರಳಲ್ಲಿ ಊರುಗೋಲು ಊರಿಕೊಂಡು ನಿಂತಿದ್ದ.

"ಹಿಂದಕ್ಕ ಮಸ್ತ್ ತಗೊಂಡ್ರಿ ಮಾವಾರ. ನೀವಾರ ಪಾಸಾದ್ರಲ್ಲ, ಸಾಕು" ಎಂದ. ವ್ಯಂಗ್ಯವೇ ಎಂದು ಮುಖ ನೋಡಿದೆ. ಅಲ್ಲ. ಅಷ್ಟು ಸುಲಭವಾಗಿ ಅವನು ಹೊಟ್ಟೆಕಿಚ್ಚು ಬಿಟ್ಟುಬಿಟ್ಟದ್ದನ್ನು ಕಂಡು ನನಗೆ ಅದರ ಮೇಲೂ ಅಸೂಯೆಯಾಯಿತು.

ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಮೆಂತ್ಯ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತದೆ, "ನಾಳೆ ಕಂಪ್ಲಿಗೆ ಹೋಗ್ರಿ" ಎಂದಳು. ಹೋದೆ. ಡ್ರೈವರ್ ಹೇಳಿದ್ದನ್ನೂ ನಾನು ಹೇಳದೆ ಉಳಿದದ್ದನ್ನೂ ಅವನಿಗೆ ಹೇಳಿದೆ. ಅವನು "ಅಲ್ರೀ ಮಾವಾರ" ಎಂದವನೇ ಕಾರಿನ ಕೀಲಿ ತೆಗೆದುಕೊಂಡು ಕಣದ ಕಡೆ ನಡೆದ. ಅಂದು ಒಗ್ಗರಣೆ ಮಿರ್ಚಿ ಬರಲಿಲ್ಲ. ಕಾಲು ಕೆಳಗಿಟ್ಟು ಓಡಿಸುವುದನ್ನು ಕಲಿಸಲು ಇಪ್ಪತ್ತಾರು ದಿನ ಹಿಡಿಯಿತು. ಹೊಟ್ಟಿನ ಗುಡ್ಡೆಗೆ ಹನ್ನೊಂದು ಸಲ ಹೋದೆವು.

ಎರಡನೆಯ ಸಲ ಅವನು ಪಾಸಾದ. ಕಾರು ಕಂಪ್ಲಿಯಲ್ಲಿದೆ, ಅವನೇ ಓಡಿಸುತ್ತಾನೆ. ನಾನು ಇದುವರೆಗೆ ಅದನ್ನು ರಸ್ತೆಯ ಮೇಲೆ ಓಡಿಸಿದ್ದು ಒಂದು ಸಲ, ಹೆಂಡತಿಯೊಂದಿಗೆ ಹಂಪಿಗೆ. ಅಲ್ಲಿ ಬೇಕೆಂದೇ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ; ಹೊರಡುವಾಗ ಅವಳು ಹಳೆಯ ಅಭ್ಯಾಸದಿಂದ ಇಳಿಯಲು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಕಾರು ಹಿಂದಕ್ಕೆ ಹೊರಟಿತ್ತು.